ಹತ್ತು ಸೆಕೆಂಡ್ ಮುಂದೆ

ಟೈರು ನೋಡುವವನು ಗಾಳಿ ಅಳೆದು, ಸರಿಯಿದೆ ಎಂದು ಚೀಟಿ ಅಂಟಿಸಿ ಅತ್ತ ಹೋದನೋ ಇಲ್ಲವೋ, ಗಂಡ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡತೊಡಗಿದ.

"ಏನ್ರೀ ಅದು?"

"ಸ್ವಲ್ಪ ಮೆತ್ತಗಿದ್ರೆ ಹಿಡಿತ ಜಾಸ್ತಿ ಕಣೇ. ಮಣ್ಣಿನ ಟ್ರ್ಯಾಕಲ್ಲಿ ಯಾವಾಗ್ಲೂ ಹೀಗೇ ಮಾಡ್ತಿದ್ದೆ."

"ಇದು ಮಣ್ಣಲ್ಲ, ಡಾಂಬರು. ಈ ವೇಗಕ್ಕೆ ಮೆತ್ತಗಿರೋ ಟೈರು ಕಾದು ಕಿತ್ಕೊಂಡು ಬರುತ್ತೆ ಅಂತ ಆ ಮನುಷ್ಯ ಈಗ್ತಾನೆ ಬಾಯಿ ಬಡ್ಕೊಂಡ್ನಲ್ಲ!"

"ಅವನು ಹುಟ್ಟೋಕೆ ಮುಂಚೆ ಸ್ಟೀರಿಂಗ್ ಹಿಡಿದೋನು ನಾನು. ಗಾಡಿ ಹತ್ತು, ಹತ್ತು."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಟೈರು ನೋಡುವವನಿಗೆ ಕೂಗಿ ಹೇಳಿದರೆ ಗಾಡಿಯನ್ನು ಓಟದಿಂದ ತೆಗೆಯುತ್ತಿದ್ದರು. ಆಮೇಲಿನ ಅವನ ಮುನಿಸು ಹೊರುವ ತ್ರಾಣ ಅವಳಲ್ಲಿರಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹತ್ತಿದಳು.

ಒಂದು ದಿನದ ಮಟ್ಟಿಗೆ ಬೇರೆ ವಾಹನಗಳಿಗೆ ಮುಚ್ಚಿದ ಹೆದ್ದಾರಿ. ಇಲ್ಲಿ ಎಲ್ಲರಿಗಿಂತ ಮೊದಲು ಬಂದವನದು ಗೆಲುವಲ್ಲ. ಗೊತ್ತುಮಾಡಿದ ವೇಗ ಕಾಪಾಡಿಕೊಂಡು, ಬೇಗವೂ ಅಲ್ಲದೆ ತಡವೂ ಅಲ್ಲದೆ ಗುರಿ ಮುಟ್ಟಿದವನದು. ಕೊರಳಿಗೆ ನೇತುಹಾಕಿಕೊಂಡ ಗಡಿಯಾರ ನೋಡಿ ಲೆಕ್ಕ ಹೇಳುವುದು ಅವಳ ಕೆಲಸ. ಮನೆಯಲ್ಲಿ ಅವಳ ಯಾವ ಮಾತಿಗೂ ಕಿವಿಗೊಡದವನು, ಗಾಡಿಯೊಳಗೆ ಮಾತ್ರ ಅವಳು ಹಿಂದಿದ್ದೀವಿ ಎಂದರೆ ಆಕ್ಸಿಲರೇಟರ್ ಒತ್ತುತ್ತಿದ್ದ, ಮುಂದಿದ್ದೀವಿ ಎಂದರೆ ಕಾಲು ತೆಗೆಯುತ್ತಿದ್ದ. ಸಂಸಾರದಲ್ಲಿ ಅವಳಿಗೆ ದಕ್ಕಿದ ಮರ್ಯಾದೆ ಹೆಚ್ಚುಕಡಿಮೆ ಅಷ್ಟೇ.

ಅರ್ಧ ದಾರಿ ಕಳೆದ ಮೇಲೆ ಸೀಟಿನಡಿ ಸಣ್ಣಗೆ ನಡುಕ ಶುರುವಾಯಿತು. ಹಿಂದೆಯೇ ಸುಟ್ಟ ರಬ್ಬರಿನ ವಾಸನೆ.

"ರೀ, ಹಿಂದಿನ ಟೈರು. ನಿಧಾನ ಮಾಡಿ."

"ರಸ್ತೆ ಹಾಗಿದೆ. ನೀನು ಟೈಮ್ ಹೇಳು."

ಗಡಿಯಾರ ನೋಡಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಇಷ್ಟು ವರ್ಷಗಳಲ್ಲಿ ಇಷ್ಟು ಸರಿಯಾಗಿ ಎಂದೂ ಓಡಿರಲಿಲ್ಲ. ನಡುಕ ಈಗ ಬೆನ್ನುಮೂಳೆಗೆ ಹತ್ತಿತ್ತು.

"ಹತ್ತು ಸೆಕೆಂಡ್ ಮುಂದಿದ್ದೀವಿ," ಎಂದಳು.

ಅವನು ತಕ್ಷಣ ಕಾಲು ತೆಗೆದ.

"ಈಗ?"

"ಇನ್ನೂ ಮುಂದೇನೇ."

"ಅದ್ಹೇಗೆ? ಸ್ಪೀಡ್ ಮೀಟರ್ ಕೆಟ್ಟಿರ್ಬೇಕು, ಹಾಳಾದ್ದು."

"ಇರ್ಬೇಕು. ಇನ್ನೂ ಇಳಿಸಿ."

ಹಾಗೆ ವೇಗ ಇಳಿಸುತ್ತ, ಇಳಿಸುತ್ತ, ಹಿಂದೆ ಹೊರಟಿದ್ದ ಗಾಡಿಗಳೆಲ್ಲ ದಾಟಿ ಹೋದ ಮೇಲೆ ಅವರು ಗುರಿ ಮುಟ್ಟಿದರು.

ಟೈರು ನೋಡುವವನು ಬಂದು ಹಿಂದಿನ ಚಕ್ರಕ್ಕೆ ಕೈಯಿಟ್ಟವನೇ ಸರಕ್ಕನೆ ತೆಗೆದ. ಮೇಲ್ಪದರ ಒಂದು ಕಡೆ ಬೊಕ್ಕೆಯಂತೆ ಎದ್ದಿತ್ತು.

"ಅಕ್ಕಾ, ಹೀಗೇ ಇನ್ನೊಂದು ಸ್ವಲ್ಪ ಓಡಿಸಿದ್ರೆ ನಿಮ್ಮನ್ನ ಹೆಕ್ಕಿ ತರ್ಬೇಕಾಗ್ತಿತ್ತು."

ಗಂಡ ಟೈರಿನ ಕಡೆ ನೋಡಲೇ ಇಲ್ಲ. ಅವಳ ಕೊರಳಿನ ಗಡಿಯಾರವನ್ನು ಕೈಗೆ ತೆಗೆದುಕೊಂಡು ನೋಡಿದ. ಗೊತ್ತುಮಾಡಿದ ಹೊತ್ತು ಯಾವಾಗಲೋ ಮೀರಿತ್ತು.

"ಸುಳ್ಳು ಹೇಳ್ದೆ."

"ಹೌದು. ನಿಜ ಹೇಳಿದ್ರೆ ಕೇಳ್ತಿರ್ಲಿಲ್ವಲ್ಲ."

ಅವನು ಸ್ಟೆಪ್ನಿ ತೆಗೆದು ಹಾಕಿದ. ಅವಳು ಬೋಲ್ಟುಗಳನ್ನು ಒಂದೊಂದಾಗಿ ಕೊಟ್ಟಳು. ಗಾಳಿ ತುಂಬಿಸಿ, ಗಾಳಿ ಅಳೆಯುವ ಮೀಟರ್ ಒತ್ತಿ ಹಿಡಿದು ಅವಳೇ ಓದಿ ಹೇಳಿದಳು:

"ಸರಿಯಿದೆ."

ಅವನು ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದ, ತಾನೇ ನೋಡಲು. ಅವಳು ಓದಿದ್ದನ್ನು ಅವನು ಮತ್ತೆ ನೋಡಿದ್ದು ಅದೇ ಮೊದಲು.

ಅವಳಿಗೆ ನಿಲ್ಲಲೂ ಆಗದಷ್ಟು ದಣಿವು. ಆದರೂ ಮುಳ್ಳು ಅವನಿಗೆ ಕಾಣಲಿ ಎಂದು ಮೀಟರನ್ನು ಬೆಳಕಿಗೆ ವಾಲಿಸಿ ಹಿಡಿದಳು.