ಗೇರಿನ ಮೇಲಿನ ಅಂಗೈ

"ಏ ರೋಲರು, ಸ್ವಲ್ಪ ಪಕ್ಕಕ್ಕೆ ನಿಲ್ಲೋಕೆ ಹೇಳು ನಿನ್ನ ಡ್ರೈವರ್ ಸಾಹೇಬ್ರಿಗೆ. ಬೆಳಕಿಗೆ ಅಡ್ಡ ಬರ್ತಿದಾರೆ!"

ಮೆಕ್ಯಾನಿಕ್ ಗುಡುಗ ಅಂದದ್ದು ರಸ್ತೆ ಮಟ್ಟ ಮಾಡುವ ಆ ಯಂತ್ರಕ್ಕೆ. ತಗಲಬೇಕಾದದ್ದು ಬೆನ್ನು ಮಾಡಿ ನಿಂತಿದ್ದ ಅದರ ಡ್ರೈವರಿಗೆ, ಅಂದರೆ ತನ್ನ ಅಕ್ಕನ ಗಂಡನಿಗೆ. ಗುಡುಗನ ಗಂಟಲೆಂದರೆ ಸಾಮಾನ್ಯದ್ದಲ್ಲ. ಅವನು ಮನೆಯಲ್ಲಿ ಟೀ ಕೇಳಿದರೆ ಮೂರು ಬೀದಿಯಾಚೆಯವರು ಒಲೆಯ ಮೇಲೆ ನೀರಿಡುತ್ತಿದ್ದರು. ಅಂಥ ಗಂಟಲಿಗೂ ಭಾವ ಮಿಸುಕಲಿಲ್ಲ.

"ಸೊಕ್ಕು ನೋಡಿದ್ಯಾ?" ಎಂದು ಗುಡುಗ ರೋಲರನ್ನೇ ಕೇಳಿದ.

ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಅಕ್ಕನ ಮನೆಯಿಂದ ಹೊರಡುವಾಗ ಗುಡುಗ ಹೊಸಿಲಲ್ಲಿ ನಿಂತು "ಭಾವ, ಬರ್ತೀನಿ" ಎಂದು ಮತ್ತೆ ಮತ್ತೆ ಕೂಗಿದ್ದ. ಕಿಟಕಿಯ ಕಡೆ ಮುಖ ಮಾಡಿ ಕುಳಿತ ಭಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಂದಿನಿಂದ ಗುಡುಗ ಆ ಹೊಸಿಲು ತುಳಿದಿರಲಿಲ್ಲ. ಇವತ್ತು ಭಾವನ ಆಫೀಸಿನ ಅಂಗಳಕ್ಕೆ ಬಂದದ್ದೂ ಅಕ್ಕ ಅತ್ತಳೆಂದು. ಸಂಜೆಯೊಳಗೆ ಯಂತ್ರ ಕದಲದಿದ್ದರೆ ರೋಲರು ಗುಜರಿಗೆ, ಡ್ರೈವರು ಮನೆಗೆ ಎಂದು ಆಫೀಸಿನ ಸಾಹೇಬರು ಹೇಳಿಬಿಟ್ಟಿದ್ದರು.

ರೋಲರಾದರೂ ಎಂಥದ್ದು! ಲೋಕದಲ್ಲಿ ಕಾಲುದಾರಿಯೂ ಇಲ್ಲದಿದ್ದಾಗ ಹುಟ್ಟಿ, ಓಡಾಡಲು ದಾರಿ ಬೇಕಲ್ಲ ಎಂದು ತಾನೇ ರಸ್ತೆ ಮಾಡಿಕೊಂಡದ್ದು. ಈಗ ಅದರ ಗೇರು ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಎಂದು ಹಲ್ಲು ಕಚ್ಚಿಕೊಂಡಿತ್ತು. ಗುಡುಗ ಬೋಲ್ಟುಗಳಿಗೆ ಮೊದಲು ಸೀಮೆಎಣ್ಣೆ ಕುಡಿಸಿದ, ಆಮೇಲೆ ಬೈಗುಳ ಕುಡಿಸಿದ. ಎಣ್ಣೆಗೆ ಜಗ್ಗದವು ಬೈಗುಳಕ್ಕೆ ನಾಚಿ ಸಡಿಲವಾದವು. ಗೇರ್‌ಬಾಕ್ಸಿನ ಮುಚ್ಚಳ ಎತ್ತಿ, ಟಾರಿನಂಥ ಎಣ್ಣೆಯೊಳಗೆ ಮೊಣಕೈವರೆಗೆ ಕೈಬಿಟ್ಟು ತಡಕಿದ.

ಸಿಕ್ಕಿತು. ಹಲ್ಲುಚಕ್ರವನ್ನು ಅತ್ತಿತ್ತ ತಳ್ಳುವ ಎರಡು ಕವಲಿನ ಕಬ್ಬಿಣ, ಫೋರ್ಕು, ತನ್ನ ಜಾಗದಿಂದ ಜಾರಿ ಎರಡು ಚಕ್ರಗಳ ನಡುವೆ ಸಿಕ್ಕಿಕೊಂಡಿತ್ತು. ಹೊರತೆಗೆದು ಒರೆಸಿದರೆ ಒಂದೇ ಪಕ್ಕ ಬ್ಲೇಡಿನಷ್ಟು ತೆಳ್ಳಗೆ ಸವೆದಿದೆ. ಗೇರಿನ ಕೋಲಿನ ಮೇಲೆ ದಿನವಿಡೀ ಕೈಭಾರ ಹಾಕಿ ಓಡಿಸುವವರ ಫೋರ್ಕು ಮಾತ್ರ ಹೀಗೆ ಸವೆಯುತ್ತದೆ. ಹೊಸ ಡ್ರೈವರುಗಳಿಗೆ ಆ ಚಾಳಿ ಬಿಡಿಸಲು ಕೈ ಮೇಲೆ ಹೊಡೆಯುತ್ತಿದ್ದವನು ಇದೇ ಭಾವ.

"ಇದೇನು ರೋಲರು, ನಿಮ್ಮ ಯಜಮಾನರಿಗೆ ಈ ವಯಸ್ಸಲ್ಲಿ..." ಎನ್ನುವಷ್ಟರಲ್ಲಿ ಎಣ್ಣೆಗೈಯಿಂದ ದೊಡ್ಡ ಸ್ಪ್ಯಾನರು ಜಾರಿ ಕಬ್ಬಿಣದ ಮೇಲೆ ಬಿತ್ತು. ಆ ಸದ್ದಿಗೆ ಕಾಗೆಗಳು ಮರವನ್ನಷ್ಟೇ ಅಲ್ಲ, ಊರನ್ನೇ ಬಿಟ್ಟವು. ಆಚೆ ಜಲ್ಲಿ ಹೊರುತ್ತಿದ್ದವರು ಬುಟ್ಟಿ ಕೆಳಗೆ ಹಾಕಿದರು.

ಭಾವನ ಹೆಗಲು ಕೂಡ ಅಲುಗಲಿಲ್ಲ.

ಗುಡುಗ ಆ ಬೆನ್ನನ್ನೇ ನೋಡುತ್ತ ನಿಂತ. ಆಮೇಲೆ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ: ಬಾಯಿ ಮುಚ್ಚಿಕೊಂಡ. ಮುಚ್ಚಿದ ಬಾಯಲ್ಲೇ ಫೋರ್ಕಿಗೆ ವೆಲ್ಡಿಂಗ್ ಹಾಕಿ, ಅರದಿಂದ ಉಜ್ಜಿ, ಮಟ್ಟ ಮಾಡಿ, ಜಾಗಕ್ಕೆ ಕೂರಿಸಿ ಮುಚ್ಚಳ ಬಿಗಿದ.

ಭಾವ ಸೀಟು ಹತ್ತಿದ್ದೇ ಎಡ ಅಂಗೈ ತಾನಾಗಿ ಗೇರಿನ ಮೇಲೆ ಹೋಗಿ ಕೂತಿತು. ಗುಡುಗ ಹಿಂದಿನಿಂದ ಗೇರ್‌ಬಾಕ್ಸನ್ನು ಉಗುರಿನಿಂದ ಮೆಲ್ಲಗೆ ತಟ್ಟಿದ. ತಟ್ಟನೆ ಭಾವ ತಿರುಗಿದ.

"ಏನೋ?"

ಗುಡುಗ ಎದುರಿಗೆ ಬಂದು ನಿಂತ. "ಎಷ್ಟು ದಿನದಿಂದ, ಭಾವ?"

ಭಾವ ಅವನ ತುಟಿಗಳನ್ನೇ ನೋಡಿದ. "ಬಹಳ ದಿನ ಆಯ್ತು. ಎಂಜಿನ್ ಮಾತಾಡೋದು ಕೈಗೆ ಕೇಳತ್ತೆ. ಸಾಹೇಬ್ರಿಗೆ ಗೊತ್ತಾಗ್ಬಾರ್ದು."

"ಅಕ್ಕಂಗೆ?"

"ಅವಳು ಮುಂದೇನಂತಾಳೆ ಅನ್ನೋದು ಮದುವೆಯಾದಾಗಿಂದ ಗೊತ್ತಲ್ಲೋ. ಅದಕ್ಕೆ ಕಿವಿ ಯಾಕೆ?"

ಗುಡುಗ ನಕ್ಕ. ಹೋಗಿ ಗುಜರಿ ರಾಶಿಯಿಂದ ಒಂದು ಸಲಾಕೆ ಹುಡುಕಿ ತಂದ. ಅದನ್ನು ಕೈಯಳತೆಗೆ ಬಗ್ಗಿಸಿ, ಗೇರಿನ ಪಕ್ಕದಲ್ಲಿ ಗೇರ್‌ಬಾಕ್ಸಿಗೇ ಬೋಲ್ಟು ಹಾಕಿ ನಿಲ್ಲಿಸಿದ.

"ಇದ್ಯಾಕೋ?"

"ಕೈ ಇಟ್ಕೊಳ್ಳೋಕೆ. ಗೇರಿನ ಮೇಲೆ ಇಟ್ರೆ ಮತ್ತೆ ನಾನೇ ಬರ್ಬೇಕು. ನನಗೆ ಬೇರೆ ಕೆಲಸ ಇಲ್ವಾ?"

ಎಂಜಿನ್ ಕೆಮ್ಮಿ, ಕ್ಯಾಕರಿಸಿ ಎದ್ದಿತು. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಆಫೀಸಿನ ಬಾಗಿಲಿಗೆ ಬಂದ ಸಾಹೇಬರು ರೋಲರು ಕದಲಿದ್ದು ಕಂಡು ಒಳಗೆ ಹೋದರು. ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದ ಗುಡುಗ ಗೇಟಿನವರೆಗೂ ಹೋದ. ಇಳಿಯುವ ಮುಂಚೆ ಬಗ್ಗಿ, "ಭಾವ, ಬರ್ತೀನಿ" ಎಂದು ಪಕ್ಕದವನಿಗೂ ಕೇಳದಷ್ಟು ಮೆಲ್ಲಗೆ ಹೇಳಿ, ಗೇರ್‌ಬಾಕ್ಸನ್ನು ಎರಡು ಸಲ ತಟ್ಟಿದ.

ಭಾವ ತಿರುಗಿ ನೋಡಲಿಲ್ಲ. ಸಲಾಕೆಯ ಮೇಲಿದ್ದ ಅಂಗೈಯಿಂದ ಒಂದು ಬೆರಳು ಎದ್ದು, ಎರಡು ಸಲ ತಟ್ಟಿತು.