ಅಕ್ಕನ ಕೊಬ್ಬು

ಕನ್ನಡಿಯಲ್ಲಿ ಮೊದಲು ಕಾಲು ಮುಂದೆ ಹೋಗುತ್ತದೆ, ಹೊಟ್ಟೆ ಆಮೇಲೆ ಬರುತ್ತದೆ, ಒಂದು ಗಳಿಗೆ ತಡವಾಗಿ, ಬೇರೆ ಯಾರದೋ ಹೊಟ್ಟೆ ಒಲ್ಲದ ಮನಸ್ಸಿನಿಂದ ಇವಳ ಜೊತೆ ಹೊರಟಂತೆ — ಟ್ರೆಡ್‌ಮಿಲ್ಲಿನ ಪಟ್ಟಿ ಕಾಲ ಕೆಳಗೆ ಗರಗರ ಅನ್ನುತ್ತಿದೆ, ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು, ಉರಿ, ಒರೆಸಿಕೊಳ್ಳಲು ಕೈ ಬಿಟ್ಟರೆ ಬಿದ್ದೇನು, ಕಂಬಿ ಬಿಡಬೇಡಿ ಮೇಡಂ ಅಂತ ಜಿಮ್ಮಿನ ಮೇಷ್ಟ್ರು ಮೊದಲ ದಿನವೇ ಹೇಳಿದ್ದ, ಮೇಷ್ಟ್ರು ಅನ್ನುವುದು ತಮ್ಮ ಇಟ್ಟ ಹೆಸರು, ತೋಳಿನ ಮೇಲೆ ಹುಲಿ ಬರೆಸಿಕೊಂಡ ಆ ಟ್ರೇನರ್‌ಗೆ ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ತಮ್ಮ ಅಲ್ಲೇ ಇದ್ದಾನೆ, ಕನ್ನಡಿಯ ಮೂಲೆಯಲ್ಲಿ, ನೀರಿನ ಕ್ಯಾನಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೆಂಡತಿ ಕೆಲಸಕ್ಕೆ ಹೋದಮೇಲೆ ಅವನನ್ನು ಮನೆಯಲ್ಲಿ ಒಬ್ಬನನ್ನೇ ಬಿಡುವ ಹಾಗಿಲ್ಲ, ಅತ್ತಿಗೆ ನೀವೇ ಕರ್ಕೊಂಡು ಹೋಗಿ ಅನ್ನುತ್ತಾಳೆ, ಅದಕ್ಕೇ ಇಲ್ಲಿ, ಅಕ್ಕ ಬೆವರುವುದನ್ನು ನೋಡುತ್ತಾ. ನೋಡಬೇಡ ಕಣೋ. ಒಲೆ ಮೇಲಿಟ್ಟ ಹಾಲನ್ನು ನೋಡುವ ಹಾಗೆ ನೋಡಬೇಡ.

ಎಷ್ಟು ಕೊಬ್ಬು ನಿನಗೆ ಅಂತ ಅಮ್ಮ ಬೈಯುತ್ತಿದ್ದಳು, ಎದುರು ಮಾತಾಡಿದ್ದಕ್ಕೆ, ಮೈಮೇಲೆ ಹಿಡಿ ಮಾಂಸವೂ ಇಲ್ಲದ ವಯಸ್ಸಿನಲ್ಲಿ, ತಮ್ಮ ಬಾಗಿಲ ಹಿಂದೆ ನಿಂತು ಕಿಸಿಕಿಸಿ ನಗುತ್ತಿದ್ದ — ಆಮೇಲೆ ಅಮ್ಮ ಹೋದಳು, ಇವಳು ಹೊಲಿಗೆ ಯಂತ್ರದ ಮುಂದೆ ಕೂತಳು, ಕೂತಲ್ಲೇ ಕೂತಳು, ತಮ್ಮನ ಓದು, ತಮ್ಮನ ಮದುವೆ, ಕೂತೇ ಇದ್ದಳು, ಕೊಬ್ಬು ಯಾವಾಗ ಬಂದು ಸೇರಿಕೊಂಡಿತೋ ಗೊತ್ತೇ ಆಗಲಿಲ್ಲ, ಕರೆಯದೆ ಬಂದು ಉಳಿದುಬಿಟ್ಟ ನೆಂಟನ ಹಾಗೆ. ಡಾಕ್ಟರು ಹೇಳಿದಾಗ ನಗು ಬಂದಿತ್ತು, ನಿಜವಾಗಿಯೂ ನಗು ಬಂದಿತ್ತು — ರಕ್ತದ ಗುಂಪು ಹೊಂದುತ್ತೆ, ಮಿಕ್ಕಿದ್ದೆಲ್ಲ ಹೊಂದುತ್ತೆ, ಆದ್ರೆ ನಿಮ್ಮ ಲಿವರಿನಲ್ಲೇ ಕೊಬ್ಬು ಜಾಸ್ತಿ ಇದೆಯಮ್ಮ, ಇಂಥ ಲಿವರಿನ ತುಂಡು ತೆಗೆದು ನಿಮ್ಮ ತಮ್ಮನ ಕೆಟ್ಟ ಲಿವರಿನ ಜಾಗಕ್ಕೆ ಹಾಕಿದ್ರೆ ಅವರಿಗೂ ಕಷ್ಟ, ನಿಮಗೂ ಕಷ್ಟ, ತೂಕ ಇಳಿಸಿಕೊಂಡು ಬನ್ನಿ. ಚಪ್ಪಲಿ ಬಿಟ್ಟು ಬನ್ನಿ ಅಂದ ಹಾಗೆ. ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಕಾಯುತ್ತಿದ್ದಳು, ಅವಳ ರಕ್ತ ಹೊಂದಿರಲಿಲ್ಲ, ಕೊಡಬಲ್ಲವರು ಬೇರೆ ಯಾರೂ ಇರಲಿಲ್ಲ, ಏನಂದ್ರು ಅತ್ತಿಗೆ ಅಂತ ಕೇಳಿದಳು, ಇವಳು ಕಾಲುಂಗುಟ ನೋಡುತ್ತಾ ಅಂದಳು, ನಾನು ದಪ್ಪ ಇದ್ದೀನಂತೆ ಕಣಮ್ಮ.

ಮೇಷ್ಟ್ರು ಬಂದು ಗುಂಡಿ ಒತ್ತಿ ವೇಗ ಇಳಿಸಿದ, ನಿಧಾನ ಮೇಡಂ, ಮೊಣಕಾಲು ಕೆಟ್ರೆ ಇರೋದೂ ಹೋಗುತ್ತೆ, ಅವನಿಗೆ ವಿಷಯ ಗೊತ್ತು, ಗೊತ್ತಾದ ದಿನದಿಂದ ಇವಳ ಜೊತೆ ದನಿ ತಗ್ಗಿಸಿ ಮಾತಾಡುತ್ತಾನೆ, ಅದು ಇವಳಿಗೆ ಸೇರುವುದಿಲ್ಲ, ಪಕ್ಕದ ಹೆಂಗಸಿಗೆ ಕೂಗುವ ಹಾಗೆ ನನಗೂ ಕೂಗಲಿ, ಎಳೀರಿ, ಎತ್ತಿರಿ, ಇನ್ನೊಂದ್ಸಲ — ಎಲ್ಲದಕ್ಕೂ ನಿಧಾನ, ಎಲ್ಲರೂ ನಿಧಾನ, ಊಟಾನೇ ಬಿಟ್ಟುಬಿಡ್ತೀನಿ ಡಾಕ್ಟ್ರೇ ಅಂದಿದ್ದಕ್ಕೆ ಅವರೂ ಬೆಚ್ಚಿದರು, ಹಾಗೆಲ್ಲ ಮಾಡಬೇಡಿ, ಒಮ್ಮೆಲೇ ಉಪವಾಸ ಬಿದ್ರೆ ಕೊಬ್ಬು ಇನ್ನಷ್ಟು ಲಿವರಿಗೇ ಹೋಗಿ ಕೂರಬಹುದು, ತಿನ್ನಿ, ಸರಿಯಾದ್ದು ತಿನ್ನಿ. ತಿನ್ನುತ್ತಾಳೆ. ಬೇಯಿಸಿದ ಹುರುಳಿಕಾಯಿ, ಮೊಟ್ಟೆಯ ಬಿಳಿ, ಸೌತೆಕಾಯಿ, ಮತ್ತೆ ಸೌತೆಕಾಯಿ, ಮೇಯುತ್ತಿದ್ದೀಯ ಅಕ್ಕಾ ಅಂತ ತಮ್ಮ ರೇಗಿಸಿದ್ದ, ಇವಳು ಮೂತಿ ಮುಂದೆ ಮಾಡಿ ಅಂಬಾ ಅಂದಿದ್ದಳು, ನಕ್ಕಿದ್ದರು, ಅವನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದ್ದ, ನಗುವಿಗೋ ನೋವಿಗೋ. ಮೊದಲೆಲ್ಲ ಹೊಲಿಗೆ ಯಂತ್ರದ ಪಕ್ಕ ಬಿಸ್ಕತ್ತಿನ ಡಬ್ಬಿ, ಒಂದು ತೋಳು ಹೊಲಿದರೆ ಒಂದು ಬಿಸ್ಕತ್ತು, ಕೈ ಈಗಲೂ ಆ ಜಾಗಕ್ಕೆ ಹೋಗಿ ದಾರದ ಉಂಡೆ ಹಿಡಿದು ವಾಪಸು ಬರುತ್ತದೆ. ಒಂದು ಸಂಜೆ ಮಾತ್ರ ತಡೆಯಲಾಗದೆ, ತಮ್ಮನ ಮನೆಯ ಅಡುಗೆಮನೆಯಲ್ಲಿ ನಿಂತೇ, ಬ್ರೆಡ್ಡಿಗೆ ಜ್ಯಾಮ್ ಬಳಿದು ಗಬಗಬ ತಿಂದಳು, ಬಾಯಿ ಸಿಹಿ, ತಿರುಗಿದರೆ ಬಾಗಿಲಲ್ಲಿ ತಮ್ಮನ ಹೆಂಡತಿ — ಅವಳು ಜ್ಯಾಮಿನ ಬಾಟಲಿಗೆ ಮುಚ್ಚಳ ಹಾಕಿ ಒಳಗಿಟ್ಟಳು. ಬೈದಿದ್ದರೆ ಆಗುತ್ತಿತ್ತು, ಒಂದು ಮಾತು ಬೈದಿದ್ದರೆ.

ತಮ್ಮನ ಅಂಗಿಗಳು ಈಗ ಇವಳ ಹತ್ತಿರವೇ ಬರುತ್ತವೆ, ಭುಜದಲ್ಲಿ ಒಳಗೆ ಹಿಡಿದು ಹೊಲಿಯಬೇಕು, ಹೊಟ್ಟೆಯ ಹತ್ತಿರ ಹೊಲಿಗೆ ಬಿಡಿಸಬೇಕು, ಇಂಥ ಅಳತೆಯ ಗಿರಾಕಿ ಇವಳಿಗೆ ಇದುವರೆಗೆ ಸಿಕ್ಕಿರಲಿಲ್ಲ, ಮೇಲೆಲ್ಲ ಕರಗಿ ಕೆಳಗೆ ನೀರು ತುಂಬುವ ಮೈ, ನಿನ್ನೆ ಹಿಡಿದ ಭುಜವನ್ನು ಮತ್ತೆ ಹಿಡಿಯಬೇಕಾಗುತ್ತದೆ, ನಾನು ಬೇಡಿಕೊಂಡರೂ ಇಳಿಯದ್ದು ಅವನಿಂದ ತಾನಾಗಿ ಇಳಿದುಹೋಗುತ್ತಿದೆ. ಜನ ಕುಡಿತ ಅಂದುಕೊಂಡಿದ್ದಾರೆ. ಕುಡಿದಿದ್ದರೆ ಬಿಡು ಅನ್ನಬಹುದಿತ್ತು, ಬಿಡಲು ಅವನ ಹತ್ತಿರ ಏನೂ ಇಲ್ಲ.

ಫೋನು. ಕಿಟಕಿಯ ಕಟ್ಟೆಯ ಮೇಲೆ ಟವಲಿನ ಅಡಿಯಲ್ಲಿ ಗುಂಯ್‌ಗುಡುತ್ತಿದೆ, ನಿನ್ನೆ ಇವಳ ಲಿವರಿಗೆ ಮಾಡಿಸಿದ ಸ್ಕ್ಯಾನಿನ ವಿಷಯ ಇರಬೇಕು, ಮೇಷ್ಟ್ರು ಯಂತ್ರ ನಿಲ್ಲಿಸಿ ಕೈಹಿಡಿದು ಇಳಿಸಿದ, ನೆಲ ಇನ್ನೂ ಓಡುತ್ತಲೇ ಇದೆ ಅನ್ನಿಸಿತು, ಡಾಕ್ಟರೇ ಮಾತಾಡಿದರು, ತುಂಬಾ ಚೆನ್ನಾಗಿ ಇಳಿಸಿದ್ದೀರಮ್ಮ, ಇಷ್ಟು ಬೇಗ ಇಷ್ಟು ಇಳಿಸಿದವರು ಕಡಿಮೆ, ಇನ್ನೂ ಸ್ವಲ್ಪ ಆಗಬೇಕು. ಇನ್ನೂ ಸ್ವಲ್ಪ ಅಂದ್ರೆ ಡಾಕ್ಟ್ರೇ. ಇನ್ನು ಕೆಲವು ವಾರ. ಇವಳು ಬೆನ್ನು ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ದನಿ ತಗ್ಗಿಸಿ ಕೇಳಿದಳು, ಅಷ್ಟು ದಿನ ಅವನ ಹತ್ತಿರ ಇದೆಯಾ. ಆ ಕಡೆ ಯಾರೋ ಕಾಗದ ಸರಿಸಿದ ಸದ್ದು. ನೀವು ಮಾಡ್ತಿರೋದನ್ನ ಮಾಡ್ತಾ ಇರಿ, ಅಂದರು. ಕೆಳಗೆ ರಸ್ತೆಯಲ್ಲಿ ಒಬ್ಬಳು ತೆಳ್ಳನೆಯ ಹುಡುಗಿ ಐಸ್‌ಕ್ರೀಮ್ ನೆಕ್ಕುತ್ತಾ ಹೋಗುತ್ತಿದ್ದಳು, ಸುಮ್ಮನೆ, ಯಾರಿಗೂ ಏನೂ ಕೊಡಬೇಕಾಗಿಲ್ಲದ ಹಾಗೆ.

ಏನಂತೆ ಅಕ್ಕಾ, ಕೊಬ್ಬು ಇಳೀತಾ. ಇಳೀತಿದೆಯಂತೆ ಕಣೋ, ಇನ್ನೂ ಸ್ವಲ್ಪ ಇದೆಯಂತೆ. ಅದು ಹುಟ್ಟಿದಾಗಿಂದ ಇರೋದು ಬಿಡು ಅಂದ, ಅರ್ಧ ನಕ್ಕ, ಕಣ್ಣಿನ ಬಿಳಿಯಲ್ಲಿ ಬಿಳಿ ಇಲ್ಲ, ಮನೆಗೆ ಹೋಗೋಣ್ವಾ, ಸುಸ್ತಾಗ್ತಿದೆ. ಅವನ ಚಪ್ಪಲಿ ಕಳಚಿ ಕುರ್ಚಿಯ ಕೆಳಗೆ ಸರಿದಿತ್ತು, ಇವಳು ಬೆನ್ನು ನೆಟ್ಟಗಿಟ್ಟು, ಮೇಷ್ಟ್ರು ಕಲಿಸಿದ ಹಾಗೆ, ಕೆಳಗೆ ಕೂತಳು, ಮೊದಲು ಹೀಗೆ ಕೂರಲು ಆಗುತ್ತಿರಲಿಲ್ಲ, ಅವನ ಹಿಮ್ಮಡಿ ಅಂಗೈಯಲ್ಲಿಟ್ಟು ಚಪ್ಪಲಿ ತೂರಿಸಿದಳು, ಬಿಗಿ, ಊದಿದ ಪಾದ, ಹೆಬ್ಬೆರಳಿನಿಂದ ಒತ್ತಿ ಹಿಡಿದು ತೂರಿಸಿದಳು, ಕೈ ತೆಗೆದಳು — ಹೆಬ್ಬೆರಳು ಇದ್ದ ಜಾಗದಲ್ಲಿ ಗುಳಿ. ಮೇಲೆ ಬರಲಿಲ್ಲ. ನಾದಿದ ಹಿಟ್ಟಿನಲ್ಲಿ ಬಿದ್ದ ಗುಳಿಯ ಹಾಗೆ, ಅಲ್ಲೇ. ಏಳಕ್ಕಾ ಅಂದ ತಮ್ಮ, ಏಳುತ್ತೇನೆ, ನಾಳೆ ಇನ್ನೂ ಬೇಗ ಬರಬೇಕು, ರಾತ್ರಿಯದು ಬರೀ ಸೌತೆಕಾಯಿ, ಏಳುತ್ತೇನೆ, ಗುಳಿ ಅಲ್ಲೇ, ಇನ್ನು ಕೆಲವು ವಾರ, ಈಗ ತುಂಬುತ್ತದೆ, ಈಗ, ಹೆಬ್ಬೆರಳಿನ ಅಗಲದ ಗುಳಿ, ಅಂಚಿನಲ್ಲಿ ಉಗುರಿನ ಗೆರೆ, ತುಂಬಲಿ, ಏಳುತ್ತೇನೆ, ಇದೊಂದು ತುಂಬಲಿ, ಅವನ ಪಾದ, ನನ್ನ ಹೆಬ್ಬೆರಳಿನ ಗುಳಿ,