ಒಪ್ಪಿಕೊಂಡವರು ಯಾರೋ

ಎರಡು ಆಸ್ಪತ್ರೆಯವರು ಬೇಡವೆಂದರು ಎಂದು ಶರ್ವಾಣಿ ಮೆಲ್ಲಗೆ ಹೇಳಿದಾಗ, ಬೇಡವೆಂದದ್ದು ಏನನ್ನು ಎಂಬುದು ರೇವಮ್ಮನಿಗೆ ತಕ್ಷಣ ಹೊಳೆಯಲಿಲ್ಲ. ಅಂಗದಾನದ ವಿಷಯವಾಗಿ ಮನೆಯವರ ಜೊತೆ ಮಾತಾಡಲೆಂದೇ ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ನೇಮಿಸಿದ್ದ ಹುಡುಗಿ ಶರ್ವಾಣಿ. ಬೆಳಿಗ್ಗೆ ಆಕೆಯ ಎದುರಿಗೇ ರೇವಮ್ಮ ಸಹಿ ಹಾಕಿದ್ದಳು. ಗಂಡನ ಕಣ್ಣುಗಳು, ಲಿವರ್, ಎರಡೂ ಕಿಡ್ನಿ. ಕಣ್ಣಿಗೂ ಲಿವರ್‌ಗೂ ಜನ ಸಿಕ್ಕಿದ್ದರು. ಕಿಡ್ನಿಗಳನ್ನು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ.

"ಯಾಕೆ ಮೇಡಂ? ನಮ್ಮನೆಯೋರಿಗೆ ಕುಡಿಯೋದು, ಸೇದೋದು ಏನೂ ಇರ್ಲಿಲ್ವಲ್ಲ," ಎಂದಳು ರೇವಮ್ಮ.

ಗಂಡ ಚನ್ನಬಸವಯ್ಯನಿಗೆ ಅರಕಲಗೂಡಿನಲ್ಲಿ ಶಾಮಿಯಾನದ ಅಂಗಡಿ. ೨೦೦೯ರ ಮಾಘದ ಲಗ್ನಗಳು ಶುರುವಾಗಿದ್ದವು. ಕೊರವಂಗಲದ ಮದುವೆಯೊಂದಕ್ಕೆ ಚಪ್ಪರ ಹಾಕಲು ಹೊರಟಿದ್ದ ಟೆಂಪೋ ತಿರುವಿನಲ್ಲಿ ಮಗುಚಿತು. ಡ್ರೈವರ್ ಹಾರಿಕೊಂಡ. ಪಕ್ಕದಲ್ಲಿ ಕೂತಿದ್ದ ಚನ್ನಬಸವಯ್ಯನ ತಲೆ ರಸ್ತೆಗೆ ಬಡಿಯಿತು, ಹಿಂದೆ ಕಟ್ಟಿದ್ದ ಕಬ್ಬಿಣದ ಕಂಬಗಳೆಲ್ಲ ತೊಡೆಗಳ ಮೇಲೆ ಜರಿದವು. ಗಾಡಿ ಎತ್ತಿಸಿ ಅವನನ್ನು ಈಚೆಗೆ ತೆಗೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಹಾಸನದಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಇಲ್ಲಿ ಎರಡು ಸಲ ಪರೀಕ್ಷೆ ಮಾಡಿ, ಮಿದುಳು ಸತ್ತಿದೆ, ಇನ್ನು ಎದ್ದು ಬರುವುದಿಲ್ಲ ಎಂದರು. ಆದರೂ ಮೆಷಿನ್ನಿನ ಗಾಳಿಗೆ ಎದೆ ಏರಿ ಇಳಿಯುತ್ತಿತ್ತು. ಮುಟ್ಟಿದರೆ ಮೈ ಬಿಸಿಯಿತ್ತು. ರೇವಮ್ಮ ಮುಟ್ಟಿ ನೋಡಿದ್ದಳು.

ಅಂಗದಾನ ಎಂಬ ಮಾತು ಬಂದಾಗ ಮೈದುನ ಚಂದ್ರಶೇಖರಯ್ಯ ಸುತರಾಂ ಬೇಡವೆಂದಿದ್ದ. ಕುಯ್ದು ಹೊಲಿದ ಮೈಯನ್ನು ವಿಭೂತಿ ಹಚ್ಚಿ ಕೂರಿಸುವುದು ಹೇಗೆ, ಊರವರ ಮುಂದೆ ಏನು ಹೇಳುವುದು ಎಂದು ಅವನ ಸಂಕಟ. ಆಕ್ಸಿಡೆಂಟ್ ಕೇಸಾದ್ದರಿಂದ ಪೋಸ್ಟ್‌ಮಾರ್ಟಂ ಹೇಗೂ ತಪ್ಪುವುದಿಲ್ಲ ಎಂದು ಮಗಳು ತೇಜಶ್ರೀ ಬಿಡಿಸಿ ಹೇಳಿದಳು. ರೇವಮ್ಮ ಹೂಂ ಎಂದದ್ದು ಅದಕ್ಕಲ್ಲ. ಮಲ್ಲಿಪಟ್ಟಣಕ್ಕೆ ಕೊಟ್ಟಿದ್ದ ನಾದಿನಿ ನೀಲಗಂಗಮ್ಮ ಕಿಡ್ನಿ ಹೋಗಿ ಸತ್ತವಳು. ಅವಳನ್ನು ಡಯಾಲಿಸಿಸ್‌ಗೆಂದು ವಾರವಾರ ಹಾಸನದ ಬಸ್ಸು ಹತ್ತಿಸುತ್ತಿದ್ದವನು ಚನ್ನಬಸವಯ್ಯ. ನನ್ನದೇ ಒಂದು ತೆಗೆದುಕೊಳ್ಳಿ ಎಂದು ಹೋಗಿ ರಕ್ತದ ಗುಂಪು ಹೊಂದದೆ ವಾಪಸು ಬಂದಿದ್ದ. ಬಂದ ದಿನ ಊಟಕ್ಕೆ ಕೂತವನು ಅನ್ನ ಕಲಸಿಕೊಂಡು ಸುಮ್ಮನೆ ಕೂತೇ ಇದ್ದ. ತಂಗಿ ಹೋದ ಮೇಲೂ ಬಹಳ ದಿನ ಆ ಮಾತು ಎತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಶರ್ವಾಣಿ ಡಾಕ್ಟರ್ ಪ್ರದ್ಯುಮ್ನ ಅವರನ್ನು ಕರೆತಂದಳು. ಅವರು ಬೆಂಚಿನ ಮೇಲೆ ರೇವಮ್ಮನ ಪಕ್ಕದಲ್ಲೇ ಕೂತು ಹೇಳಿದರು. ತೊಡೆಯ ಮಾಂಸ ಜಜ್ಜಿಹೋಗಿ ಅದರ ಕಲ್ಮಷವೆಲ್ಲ ರಕ್ತಕ್ಕೆ ಸೇರಿದೆ. ಅದನ್ನು ಸೋಸಲು ಹೋಗಿ ಕಿಡ್ನಿಗಳಿಗೆ ಪೆಟ್ಟಾಗಿದೆ, ಎರಡು ದಿನದಿಂದ ಮೂತ್ರವೇ ಇಲ್ಲ. ಆದರೆ ಇದು ನೀವು ಹೇಳಿದಿರಲ್ಲ, ನಿಮ್ಮ ನಾದಿನಿಗೆ ಬಂದಂಥ ಕಾಯಿಲೆಯಲ್ಲ. ಅವರದು ವರ್ಷಗಟ್ಟಲೆ ಸವೆದು ಹೋದದ್ದು, ಇದು ಏಟಿಗೆ ನಿಂತದ್ದು. ಇನ್ನೊಬ್ಬರ ಮೈಗೆ ಸೇರಿದರೆ ನಿಧಾನಕ್ಕೆ ಸುಧಾರಿಸಿಕೊಳ್ಳಬಹುದು. ಸುಧಾರಿಸದೆಯೂ ಹೋಗಬಹುದು. ಅದಕ್ಕೇ ಹೆದರುತ್ತಾರೆ, ಅವರನ್ನು ತಪ್ಪು ಅನ್ನುವ ಹಾಗಿಲ್ಲ.

ರೇವಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿಸಿಕೊಂಡಳು. ಆಮೇಲೆ, "ಆವಾಗ ಬದುಕಿದ್ದು ಕೊಡ್ತೀನಿ ಅಂದ್ರೂ ಆಗ್ಲಿಲ್ಲ. ಈಗ ಸತ್ತು ಕೊಡ್ತೀನಿ ಅಂದ್ರೂ ತಗಳ್ಳೋರಿಲ್ವಾ ಸಾ?" ಎಂದಳು.

ಡಾಕ್ಟರು ಇನ್ನೊಂದು ಕಡೆ ವಿಚಾರಿಸುತ್ತಿದ್ದೇವೆ ಎಂದಷ್ಟೇ ಹೇಳಿ ಎದ್ದರು.

ಅದು ಕಾಯುವುದಲ್ಲದೆ ಬೇರೇನೂ ಇಲ್ಲದ ಮಧ್ಯಾಹ್ನ. ಊರಿನಿಂದ ಫೋನಿನ ಮೇಲೆ ಫೋನು: ಎಷ್ಟು ಹೊತ್ತಿಗೆ ತರುತ್ತೀರಿ, ಗುಣಿ ತೆಗೆಸೋಣವೇ? ಚಂದ್ರಶೇಖರಯ್ಯ ಕಾರಿಡಾರಿನ ಕೊನೆಗೆ ಹೋಗಿ ಏನೋ ಸುಳ್ಳು ಹೇಳಿ ಬರುತ್ತಿದ್ದ. ಈ ಊರಿನಲ್ಲೇ ಎಲ್ಲೋ ಒಂದು ಮನೆಯವರು ಈಗ ತನ್ನ ಗಂಡನ ವಿಷಯವನ್ನೇ ಮಾತಾಡುತ್ತಿರಬೇಕು, ಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು ಎನ್ನಿಸಿತು ರೇವಮ್ಮನಿಗೆ. ಅವರಲ್ಲಿಗೆ ಹೋಗಿ ಕೈಮುಗಿದು, ನಮ್ಮನೆಯೋರು ಒಳ್ಳೆಯವರು ಕಣ್ರಪ್ಪ, ತಗೊಳ್ಳಿ ಎಂದು ಹೇಳಿಬರುವ ಹಾಗಿದ್ದರೆ ಹೋಗಿಬಿಡುತ್ತಿದ್ದಳು.

ಸಂಜೆಯ ಮೊದಲು ಒಬ್ಬರು ಒಪ್ಪಿದರು. ಅವರಿಗೆ ಡಯಾಲಿಸಿಸ್ ಸೂಜಿ ಚುಚ್ಚಲು ಕೈಯಲ್ಲಿ ಸರಿಯಾದ ನರವೇ ಉಳಿದಿಲ್ಲವಂತೆ, ಕೆಲಸ ಮಾಡದೆ ಹೋಗಬಹುದೆಂದು ತಿಳಿದೂ ಒಪ್ಪಿದರಂತೆ. ಯಾರು, ಗಂಡೋ ಹೆಣ್ಣೋ, ಹೇಳುವಂತಿಲ್ಲವೆಂದಳು ಶರ್ವಾಣಿ. ಅವರಿಗೆ ಬೇಕಾದದ್ದು ಒಂದೇ. ಇನ್ನೊಂದಕ್ಕೆ ಯಾರೂ ಬರಲಿಲ್ಲ. ಅದನ್ನು ಅವನ ಜೊತೆಯಲ್ಲೇ ಬಿಟ್ಟರು. ಮಾರನೆಯ ದಿನ ಅರಕಲಗೂಡಿನ ಹೊರಗಿನ ತಮ್ಮ ಜಮೀನಿನಲ್ಲಿ ಅವನನ್ನು ಮಣ್ಣು ಮಾಡಿದರು.

ಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ತೇಜಶ್ರೀಯ ಮೊಬೈಲಿಗೆ ಶರ್ವಾಣಿ ಫೋನು ಮಾಡಿದಳು. ಕಣ್ಣು ಹಾಕಿಸಿಕೊಂಡವರು, ಲಿವರ್ ಹಾಕಿಸಿಕೊಂಡವರು ಚೆನ್ನಾಗಿದ್ದಾರೆ. ಕಿಡ್ನಿ ಮಾತ್ರ ಇನ್ನೂ ಕೆಲಸ ಶುರು ಮಾಡಿಲ್ಲ. ಆ ರೋಗಿಗೆ ಡಯಾಲಿಸಿಸ್ ನಡೆದೇ ಇದೆ. ಇನ್ನೂ ಕಾಯಬೇಕು ಎನ್ನುತ್ತಿದ್ದಾರೆ.

ಅಂದಿನಿಂದ ರೇವಮ್ಮನಿಗೆ ಗಂಡ ಸತ್ತ ದುಃಖದ ಜೊತೆಗೆ ಇನ್ನೊಂದು ಸೇರಿಕೊಂಡಿತು. ಕರೆದವರ ಮನೆಗೆ ಹೋಗಿ ಅವನು ಕೆಲಸಕ್ಕೆ ಕೈಹಚ್ಚದೆ ಸುಮ್ಮನೆ ಕೂತುಬಿಟ್ಟಿದ್ದಾನೆ ಎಂಬಂಥ ನಾಚಿಕೆ ಅದು. ಮದುವೆಯ ಹಿಂದಿನ ದಿನವೇ ಹೋಗಿ ಚಪ್ಪರದ ಗಳ ನೆಡದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅಂಥವನು. ಫೋನು ಮಾಡು ಎಂದು ದಿನಾ ಮಗಳನ್ನು ಕಾಡಿದಳು. ಒಮ್ಮೊಮ್ಮೆ ಶರ್ವಾಣಿ ಸಿಗುತ್ತಿರಲಿಲ್ಲ. ಸಿಕ್ಕಾಗಲೂ ಅದೇ ಮಾತು. ಕೊಟ್ಟಾಯಿತಲ್ಲ, ಇನ್ನು ಅದರ ಯೋಚನೆ ಬಿಡಿ ಎಂದು ಚಂದ್ರಶೇಖರಯ್ಯ ಹೇಳಿ ನೋಡಿದ. ಬಿಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ, ಹಿಡಿದುಕೊಂಡು ಮಾಡುವುದೇನೆಂದೂ ತಿಳಿಯಲಿಲ್ಲ.

ಒಂದು ಸೋಮವಾರ ಹಣ್ಣುಕಾಯಿ ಹಿಡಿದು ಈಶ್ವರನ ಗುಡಿಗೆ ಹೋದಳು. ಅರ್ಚನೆಗೆ ಯಾರ ಹೆಸರು ಎಂದು ಪೂಜಾರಿ ಶಿವಯ್ಯ ಕೇಳಿದರು. ಅವಳು ಬಾಯಿ ತೆರೆದಳು. ಹೇಳಲು ಹೆಸರಿರಲಿಲ್ಲ. ಗಂಡಿನ ಹೆಸರೋ ಹೆಣ್ಣಿನ ಹೆಸರೋ ಅದೂ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದವರು ಮುಂದೆ ಬಂದರು. ಶಿವಯ್ಯ ಇನ್ನೊಂದು ಸಲ ಕೇಳಿ, ಅವಳ ಮುಖ ನೋಡಿ, ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಯಾರ ಹೆಸರು ಹೇಳಿದರೋ ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಆಮೇಲೆ ಕೆಲವು ದಿನ ಬಿಟ್ಟು, ಬೆಳಿಗ್ಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಫೋನು ಬಂತು. ತೇಜಶ್ರೀ ಕೇಳಿ ಅಮ್ಮನ ಕೈಗೆ ಕೊಟ್ಟಳು. ನಿನ್ನೆಯಿಂದ ಸ್ವಲ್ಪ ಮೂತ್ರ ಬರುತ್ತಿದೆಯಂತೆ ಎಂದಳು ಶರ್ವಾಣಿ. ತುಂಬ ಸ್ವಲ್ಪ. ಡಯಾಲಿಸಿಸ್ ನಿಲ್ಲಿಸಿಲ್ಲ. ಇದು ಹೆಚ್ಚಬಹುದು, ಇಷ್ಟಕ್ಕೇ ನಿಲ್ಲಲೂಬಹುದು, ಈಗಲೇ ಆಸೆ ಇಟ್ಟುಕೊಳ್ಳಬೇಡಿ.

"ಬಣ್ಣ ಎಂಗೈತಂತೆ?" ಎಂದಳು ರೇವಮ್ಮ.

ಶರ್ವಾಣಿಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದು ಫೋನು ಇಟ್ಟಳು.

ಲಗ್ನದ ಮನೆಯಿಂದ ಬಂದ ಕುರ್ಚಿಗಳನ್ನು ಇಳಿಸಿ ಕಾಫಿಗೆಂದು ಚಂದ್ರಶೇಖರಯ್ಯ ಅಡುಗೆಮನೆಯ ಬಾಗಿಲಿಗೆ ಬಂದ. ತೇಜಶ್ರೀ ವಿಷಯ ಹೇಳಿದಳು. ಅವನು ಹೊಸಿಲಲ್ಲೇ ನಿಂತ. "ಎಷ್ಟಂತೆ ಅತ್ಗೆ?" ಎಂದ.

ರೇವಮ್ಮ ಗೂಡಿನಿಂದ ಒಂದು ಲೋಟ ತೆಗೆದಳು. ಬಿಂದಿಗೆ ಬಗ್ಗಿಸಿ ನೀರು ಹಾಕಿದಳು. ಜಾಸ್ತಿಯಾಯಿತೆಂದು ಅರ್ಧ ಚೆಲ್ಲಿ, ಮತ್ತೆ ನೋಡಿ, ಇನ್ನೂ ಒಂದಿಷ್ಟು ಚೆಲ್ಲಿದಳು.

"ಇಷ್ಟಿರಬೋದು ಕಣಪ್ಪ."

ಲೋಟವನ್ನು ನೆಲದ ಮೇಲಿಟ್ಟಳು. ಚಂದ್ರಶೇಖರಯ್ಯ ಅದರ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ. ತಳದಲ್ಲಿ ಎರಡು ಬೆರಳು ನೀರು ಅಲುಗುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು. ಮೂವರಲ್ಲಿ ಯಾರೂ ಅತ್ತ ತಿರುಗಲಿಲ್ಲ.